ಬಿಸಿ ತಿಳಿಯದ ಬೆರಳು

"ಒಂದಕ್ಷರ ಸುಳ್ಳಾದ್ರ ಈ ಹಂಚಿನ ಮ್ಯಾಲೆ ನನ್ನ ನಾಲಿಗಿ ಇಡ್ತೀನ್ರಿ!" ಮುಶಿಗೇರಿಯ ಮದುವೆಮನೆಯ ಒಲೆಯ ಮುಂದೆ ಉಡಚಪ್ಪ ಆಣೆ ಮಾಡಿದ. "ನನ್ನ ಮಗಳು ದೇವಿಕಾ ಏಳ ತಿಂಗಳಿಗೆ ಹುಟ್ಟಿದಾಕಿ. ಮೂರನೇ ದಿನಕ್ಕ ದವಾಖಾನ್ಯಾಗ ಹೊಟ್ಟಿ ಕೊಯ್ದ್ರು. ಜನ್ಮಕ್ಕಾಗೋವಷ್ಟು ನೋವು ಅವತ್ತೇ ಉಂಡು ಮುಗಿಸ್ಯಾಳ. ಹ್ವಾದ ವರ್ಷ ಚೇಳು ಕಡೀತು. ಪಾಪ, ಚೇಳಿಗೇ ಜ್ವರ ಬಂತು!"

ರೊಟ್ಟಿ ಬಡಿಯುತ್ತಿದ್ದ ಹೆಂಗಸರು ನಕ್ಕರು. ಈ ಕಥೆಯ ದೆಸೆಯಿಂದಲೇ ಯಾರ ಮನೆ ಮದುವೆಯಾದರೂ ರೊಟ್ಟಿ ಬೇಯಿಸುವ ಕೆಲಸ ದೇವಿಕಾಳ ಪಾಲಿಗೆ ಬರುತ್ತಿತ್ತು. ಕಾದ ಹಂಚಿನ ಮೇಲೆ ಅವಳು ಬರಿಗೈಯಲ್ಲಿ ರೊಟ್ಟಿ ತಿರುವಿದಾಗೆಲ್ಲ ಉಡಚಪ್ಪನ ಮೀಸೆ ಕುಣಿಯುತ್ತಿತ್ತು.

ಇವತ್ತು ಪಕ್ಕದಲ್ಲಿ ರೊಟ್ಟಿ ಬಡಿಯುತ್ತಿದ್ದ ಸುಶೀಲವ್ವ ತಟ್ಟನೆ ದೇವಿಕಾಳ ಕೈ ಹಿಡಿದೆಳೆದಳು. "ಅಯ್ಯ ಹುಡುಗಿ, ಬೆರಳೆಲ್ಲಾ ಬೊಬ್ಬಿ ಎದ್ದಾವಲ್ಲ!" ದೇವಿಕಾ ಅವನ್ನು ಯಾರದೋ ಬೆರಳೆಂಬಂತೆ ನೋಡಿದಳು. ಅಷ್ಟರಲ್ಲಿ ಸುಶೀಲವ್ವನ ಮೊಣಕೈ ಅವಳ ಹೊಟ್ಟೆಗೆ ಮೆಲ್ಲಗೆ ತಾಗಿತು. ದೇವಿಕಾ ಚೀರಿ ಮುದುಡಿ ಕುಳಿತಳು. ನಗು ನಿಂತಿತು.

"ಬಿಸಿ ತಿಳ್ಯೂದಿಲ್ಲ, ಅದು ಖರೇನ ಅಪ್ಪಾ," ಎಂದಳು ಉಸಿರು ಸಿಕ್ಕ ಮೇಲೆ. "ಆದ್ರ ಕೊಯ್ದ ಜಾಗಕ್ಕ ಸೀರಿ ನಿರಿಗಿ ತಾಗಿದ್ರೂ ಜೀವ ಹೋಗ್ತೈತಿ. ಸಣ್ಣಾಕಿ ಇದ್ದಾಗಿಂದ."

"ಮತ್ತ ಹೇಳಬಾರದೇನವ್ವಾ?"

"ಹೇಳಿದ್ರ ನಿನ್ನ ಕಥಿ ಕೆಡತಿತ್ತಲ್ಲ."

ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಉಡಚಪ್ಪನ ಮಾತು ತಡವರಿಸಿತು. "ಹಂಗಲ್ಲವ್ವಾ, ಖರೇ ಹೇಳ್ತೀನಿ, ನಾ ಏನ್ ತಿಳಕೊಂಡಿದ್ದೆ ಅಂದ್ರ, ನಿನಗ..."

ದೇವಿಕಾ ಹೊಟ್ಟೆ ಹಿಡಿದುಕೊಂಡೇ ಎದ್ದು ಹೊರಗೆ ನಡೆದಳು.