ಗಗನವೀರನ ತಂಗಿ

ಪರದೆಯ ಮೇಲೆ ಬೆನ್ನಿಗೆ ರೆಕ್ಕೆ ಕಟ್ಟಿಕೊಂಡ ಗಗನವೀರ ತನ್ನ ತಂಗಿಯನ್ನು ಬಾಚಿ ತಬ್ಬಿಕೊಂಡು ತುಟಿಗೆ ಮುತ್ತಿಟ್ಟ. ಖಾಲಿ ಟಾಕೀಸಿನ ಮುಂದಿನ ಸಾಲಿನಲ್ಲಿ ಕೂತಿದ್ದ ಮಹಾಬಲ ಮಾಸ್ತರರು ಚೇಳು ಕಡಿದವರ ಹಾಗೆ ಎದ್ದು ನಿಂತರು.

"ನಿಲ್ಲಿಸಿ ಒಸ್ವಾಲ್ಡ್ ಪೊರ್ಬುಗಳೇ, ನಿಲ್ಲಿಸಿ ಅದನ್ನು!"

ಮ್ಯಾನೇಜರ್ ಒಸ್ವಾಲ್ಡ್ ನಿಲ್ಲಿಸಲಿಲ್ಲ. ಹಿಂದಿನಿಂದ ಸಾವಕಾಶವಾಗಿ ಹೇಳಿದರು: "ಇದೊಂದೇ ಅಲ್ಲ ಮಾಸ್ಟ್ರೇ, ಇನ್ನೂ ಮೂರು ಕಡೆ ಉಂಟು. ಕೊನೆಗೆ ಇಗರ್ಜಿಯಲ್ಲಿ ಪಾದ್ರಿಯ ಮುಂದೆ ಮದುವೆಯೂ ಉಂಟು."

ಮಾಸ್ತರರು ಕುಸಿದು ಕೂತರು. ತಪ್ಪೆಲ್ಲ ಅವರದೇ. ಇಂಗ್ಲಿಷ್ ಸಿನಿಮಾ ಬಂದಾಗ ಅದರ ಕಥೆಯನ್ನು ಕನ್ನಡದಲ್ಲಿ ಬರೆದುಕೊಡುವುದು ಶಾಲೆಯ ಕನ್ನಡ ಪಂಡಿತರಾದ ಅವರ ಕೆಲಸ. ಅದನ್ನು ನೋಟೀಸು ಮಾಡಿ ಊರಿಗೆಲ್ಲ ಹಂಚುವುದು ಒಸ್ವಾಲ್ಡರ ಕೆಲಸ. ಕಳೆದ ವರ್ಷ ಗಗನವೀರನ ಮೊದಲನೆಯ ಭಾಗ ಬಂದಾಗ ಆ ಅಮೆರಿಕದವರು ಮೂಗಿನೊಳಗೆ ಮಾತಾಡಿದ್ದು ಮಾಸ್ತರರಿಗೆ ಒಂದಕ್ಷರ ತಿಳಿದಿರಲಿಲ್ಲ. ಆದರೆ ಆ ಹುಡುಗಿ ವೀರನ ಗಾಯಕ್ಕೆ ಮದ್ದು ಹಚ್ಚಿ ಗೊಳೋ ಎಂದು ಅತ್ತಿದ್ದಳು. ಇಬ್ಬರ ಮೂಗೂ ಒಂದೇ ಅಚ್ಚಿನದು. ಜೊತೆಯಾಗಿ ಒಂದು ಹಾಡನ್ನೂ ಹಾಡಿರಲಿಲ್ಲ. ಹಾಡಿಲ್ಲದ ಮೇಲೆ ಅಣ್ಣ ತಂಗಿಯಲ್ಲದೆ ಮತ್ತೇನು? ಹಾಗೆಂದೇ ಬರೆದರು, ಓದಿದವರ ಕರುಳು ಚುರುಕ್ಕೆನ್ನುವ ಹಾಗೆ ಬರೆದರು. ಒಂದು ವಾರ ಓಡಿದರೆ ದೊಡ್ಡದು ಎನ್ನುವಂಥ ಸಿನಿಮಾ ಆರು ವಾರ ಓಡಿತು. ಕೂಳೂರಿನ ಗುಲಾಬಿಯಕ್ಕ ಬೀಡಿ ಕಟ್ಟುವ ಹೆಂಗಸರನ್ನೆಲ್ಲ ಕೂಡಿಸಿಕೊಂಡು ನಾಲ್ಕು ಸಲ ಬಂದು, ನಾಲ್ಕು ಸಲವೂ ಸೆರಗು ಒದ್ದೆ ಮಾಡಿಕೊಂಡು ಹೋದರು. ಅವರ ಒಬ್ಬನೇ ಅಣ್ಣ ಬೊಂಬಾಯಿಯ ಹೋಟೆಲಿಗೆಂದು ಹೋದವನು ಎಂಟು ವರ್ಷದಿಂದ ಒಂದು ಕಾಗದವನ್ನೂ ಹಾಕಿರಲಿಲ್ಲ.

"ಆ ಜಾಗಗಳನ್ನು ಕತ್ತರಿಸಿ ಬಿಡುವ," ಎಂದರು ಮಾಸ್ತರರು.

"ಅಲ್ಲಿ ಕತ್ತರಿಸಿ, ಇಲ್ಲಿ ಕತ್ತರಿಸಿ ಉಳಿಯುವುದು ಎಂತ? ಬರೀ ರೆಕ್ಕೆ." ಒಸ್ವಾಲ್ಡ್ ತಲೆ ಕೆರೆದುಕೊಂಡರು. "ಇದು ಒಟ್ಟು ಐದು ಭಾಗ ಉಂಟಂತೆ. ಐದನ್ನೂ ಹಾಕ್ತೇನೆ ಅಂತ ಸಿನಿಮಾ ಕೊಡುವ ಕಂಪೆನಿಗೆ ನಾನು ಮಾತು ಕೊಟ್ಟಾಗಿದೆ. ಎರಡನೆಯದಕ್ಕೇ ಜನ ಚಪ್ಪಲಿ ಬಿಸಾಡಿದರೆ ಉಳಿದ ಮೂರನ್ನು ನೀವೂ ನಾನೂ ಕೂತು ನೋಡುವುದಾ?"

"ಹಾಗಾದರೆ ಹೊಸ ನೋಟೀಸು ಬರೀತೇನೆ."

"ಇನ್ನೆಂತ ಬರೆಯುವುದು ಮಾರಾಯ್ರೆ! ನಿನ್ನೆಯೇ ಬಜಪೆವರೆಗೆ ಹಂಚಿ ಆಗಿದೆ."

ಆ ನೋಟೀಸನ್ನು ಮಾಸ್ತರರು ಸಿನಿಮಾ ನೋಡುವ ಮೊದಲೇ ಬರೆದುಕೊಟ್ಟಿದ್ದರು: 'ತಂಗಿಯ ಕಣ್ಣೀರಿಗಾಗಿ ಆಕಾಶವನ್ನೇ ಸೀಳಿಕೊಂಡು ಬರುವ ಅಣ್ಣ! ಮನೆಮಂದಿಯೆಲ್ಲ ಬನ್ನಿ!'

ಮರುದಿನದ ಮ್ಯಾಟಿನಿಗೆ ಮನೆಮಂದಿಯೆಲ್ಲ ಬಂದರು. ಗುಲಾಬಿಯಕ್ಕನ ಕಡೆಯವರೇ ಎರಡು ಸಾಲು. ಮಾಸ್ತರರಿಗೆ ತಡೆಯಲಾಗಲಿಲ್ಲ. ದೀಪ ಆರುವ ಮೊದಲು ಪರದೆಯ ಮುಂದೆ ಹೋಗಿ ಕೈಮುಗಿದು ನಿಂತರು.

"ಮಹನೀಯರೇ, ಮಹಿಳೆಯರೇ, ನನ್ನಿಂದ ಒಂದು ಪ್ರಮಾದವಾಗಿದೆ. ಈ ಗಗನವೀರನೂ ಆ ಹುಡುಗಿಯೂ ಒಡಹುಟ್ಟಿದವರಲ್ಲ. ನನಗೆ ಅವರ ಇಂಗ್ಲಿಷ್ ಅರ್ಥವಾಗಿರಲಿಲ್ಲ."

ಗುಲಾಬಿಯಕ್ಕ ಎದ್ದು ನಿಂತರು.

"ಎಂತ ಮಾಸ್ಟ್ರೇ, ಹುಷಾರಿಲ್ವಾ? ನಾವು ನಾಲ್ಕು ಸಲ ನೋಡಿದವರು. ಅಣ್ಣ ಅಲ್ಲದವನಿಗೆ ಯಾರಾದರೂ ಹಾಗೆ ಅಳ್ತಾರಾ? ನೀವು ಕೂತುಕೊಳ್ಳಿ, ಅಡ್ಡ ಆಗ್ತದೆ."

ಜನ ಹೋ ಎಂದು ನಕ್ಕರು, ದೀಪ ಆರಿತು. ಮಾಸ್ತರರು ಪಕ್ಕದ ಬಾಗಿಲಿನ ಹತ್ತಿರ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟುಕೊಂಡು ನಿಂತರು. ಅರ್ಧ ಗಂಟೆ ಎಲ್ಲವೂ ಚೆನ್ನಾಗಿ ನಡೆಯಿತು. ವೀರ ಹಾರಿದ, ಸೇತುವೆ ಎತ್ತಿದ, ಆ ಹುಡುಗಿಯ ಮನೆಗೆ ಬಂದು ಕಾಫಿ ಕುಡಿದ. ಆಮೇಲೆ ಬಂತು ಮುತ್ತು. ಫ್ಯಾನು ತಿರುಗುವ ಸದ್ದು ಬಿಟ್ಟರೆ ಟಾಕೀಸಿನಲ್ಲಿ ಬೇರೆ ಸದ್ದಿಲ್ಲ. ಮಾಸ್ತರರು ಒಳಗಿದ್ದ ಕಾಲನ್ನೂ ಹೊರಗೆ ಎಳೆದುಕೊಂಡರು. ಆಗ ಕತ್ತಲೆಯಲ್ಲಿ ಗುಲಾಬಿಯಕ್ಕನ ಸ್ವರ ಕೇಳಿಸಿತು.

"ಇದು ಅವಳಲ್ಲ! ತಂಗಿಯನ್ನು ಎಲ್ಲಿಯೋ ಕಟ್ಟಿಹಾಕಿ ಅವಳ ವೇಷದಲ್ಲಿ ಬಂದ ರಕ್ಕಸಿ ಇದು! ಆಗ ಕಾಫಿ ಕೊಟ್ಟಳಲ್ಲ, ಅದರಲ್ಲಿ ಮದ್ದು ಹಾಕಿದ್ದಾಳೆ. ಪಾಪ, ಅವನಿಗೆ ತಲೆ ಸರಿ ಇಲ್ಲ!"

ಹುಟ್ಟಿದಾಗಿನಿಂದ ಯಕ್ಷಗಾನ ನೋಡಿದ ಜನ. ರಕ್ಕಸಿ ಚಂದದ ರೂಪ ತಾಳಿ ಬರುವುದು ಅವರಿಗೇನು ಹೊಸತೇ? ಅಲ್ಲಿಂದ ಮುಂದೆ ಆ ಹುಡುಗಿ ಪರದೆಗೆ ಬಂದಾಗಲೆಲ್ಲ ಶಿಳ್ಳೆ, ಬೈಗುಳ. ಇಗರ್ಜಿಯಲ್ಲಿ ವೀರ ಉಂಗುರ ತೊಡಿಸಲು ಹೊರಟಾಗ ಇಡೀ ಟಾಕೀಸು ಎದ್ದು ನಿಂತು "ಬೇಡ! ಬೇಡ!" ಎಂದು ಬೊಬ್ಬೆ ಹೊಡೆಯಿತು. ಇಂಗ್ಲಿಷ್ ಬಲ್ಲ ಕಾಲೇಜು ಹುಡುಗರು ಮೊದಲು ನಕ್ಕರು, ಕೊನೆಗೆ ಅವರ ಬೊಬ್ಬೆಯೇ ಎಲ್ಲರದಕ್ಕಿಂತ ಜೋರಾಗಿತ್ತು. ಸಿನಿಮಾ ಎಂಟು ವಾರ ಓಡಿತು. ಒಸ್ವಾಲ್ಡ್ ದಿನಾ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡೇ ಗೇಟು ತೆಗೆಸಿದರು.

ಮೂರನೆಯ ಭಾಗದ ರೀಲಿನ ಪೆಟ್ಟಿಗೆ ಬಂದ ದಿನ ಮಾಸ್ತರರು ಅದನ್ನು ನೋಡಲು ಹೋಗಲಿಲ್ಲ. ನೋಟುಪುಸ್ತಕ, ಪೆನ್ನು ಹಿಡಿದುಕೊಂಡು ನೇರ ಕೂಳೂರಿನ ಬಸ್ಸು ಹತ್ತಿದರು. ಗುಲಾಬಿಯಕ್ಕ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದರು.

"ಗುಲಾಬಿಯಕ್ಕ, ಮುಂದಿನ ಭಾಗ ಬಂದಿದೆ. ಎಂತ ಬರೆಯಲಿ, ನೀವೇ ಹೇಳಿ."

ಗುಲಾಬಿಯಕ್ಕನ ಕೈ ನಿಲ್ಲಲಿಲ್ಲ. ಎಲೆ ಸುತ್ತಿ, ನೂಲು ಬಿಗಿದು, ತುದಿ ಮಡಚಿ, ಆಮೇಲೆ ಮುಖ ಎತ್ತಿದರು.

"ಬರೆಯುವುದು ಎಂತ, ಮಾಸ್ಟ್ರೇ? ಅವನ ನಿಜವಾದ ತಂಗಿಯನ್ನು ಎಲ್ಲಿ ಕಟ್ಟಿಹಾಕಿದ್ದಾರೆ ಅಂತ ಮೊದಲು ಹೇಳಿ. ಮೂರು ತಿಂಗಳಾಯ್ತು. ಅವಳಿಗೆ ಯಾರಾದರೂ ಊಟ ಕೊಡ್ತಾರಾ, ಇಲ್ವಾ?"