ಬಾವುಟದ ಕೋಲು

ಹತ್ತು ಮೀಟರಿಗೆ ಸರಿಯಿದ್ದ ಗುಂಡು ಐವತ್ತಕ್ಕೆ ಮತ್ತೆ ಎಡಕ್ಕೆ ಹೋಯಿತು. ನಾಳೆಯೇ ಆಯ್ಕೆ ಸ್ಪರ್ಧೆ. ಏರ್ ರೈಫಲಿಗೆ ಕೂಡಿಸಿದ, ವಾಲಿಕೆ ತೋರುವ ರಸಮಟ್ಟದ ಗುಳ್ಳೆ ಮಾತ್ರ ನಟ್ಟನಡುವೆ ನಿಂತಿತ್ತು. ರೈಫಲ್ ಇಡಲು ಅಪ್ಪ ಮಾಡಿಕೊಟ್ಟ ಮೇಜನ್ನು ಬೆಳಿಗ್ಗೆ ಸೊಟ್ಟಗಿದೆಯೆಂದು ಬೈದಿದ್ದ ಸುಚಿತಾ, ಈಗ ರಸಮಟ್ಟವನ್ನೇ ಕೀಳಲು ಕೈಹಾಕಿದಳು.

ಬಲೆ ಬಿಡಿಸುತ್ತಿದ್ದ ಅಪ್ಪ ಬೊಮ್ಮ ಎದ್ದು ಬಂದು, ದಾರಕ್ಕೆ ಬಲೆಯ ಸೀಸದ ಗುಂಡು ಕಟ್ಟಿ ಗುರಿಹಲಗೆಯ ಪಕ್ಕ ಇಳಿಬಿಟ್ಟ. "ಇದ್ನ ನೋಡು."

ಗುಳ್ಳೆಯನ್ನು ನಡುವಿನಲ್ಲೇ ಇಟ್ಟು ಅವಳು ರೈಫಲಿನ ಮೇಲಿನ ದುರ್ಬೀನಿಗೆ ಕಣ್ಣಿಟ್ಟಳು. ಒಳಗಿನ ನಿಲುಗೆರೆ ದಾರಕ್ಕೆ ಓರೆಯಾಗಿತ್ತು.

"ದುರ್ಬೀನು ಯಾವ್ದಕ್ಕೆ ಹೊಂದ್ಸಿ ಬಿಗಿ ಮಾಡ್ದೆ?"

"ನಮ್ಮ ದೋಣಿ ಬಾವುಟದ ಕೋಲಿಗೆ. ಮೊನ್ನೆ, ಇದೇ ಹೊತ್ತಿಗೆ."

ಹೇಳುತ್ತಲೇ ತಿರುಗಿ ನೋಡಿದಳು. ಕಡಲ ನೀರು ಇಳಿದಿತ್ತು. ದೋಣಿ ಉಸುಕಿನ ಮೇಲೆ ಒಂದು ಮಗ್ಗುಲಿಗೆ ವಾಲಿತ್ತು, ಕೋಲೂ ಅದರ ಜೊತೆಗೆ, ಮೊನ್ನೆಯ ಹಾಗೆಯೇ. ಬೊಮ್ಮ ಮತ್ತೆ ಬಲೆಯ ಕಡೆ ನಡೆದ.

ದುರ್ಬೀನಿನ ಸ್ಕ್ರೂ ಸಡಿಲಿಸುತ್ತ ಅವಳು ಮೆಲ್ಲಗೆ ಅಂದಳು, "ಮೇಜು ಸರಿಯೇ ಇತ್ತು, ಅಪ್ಪ."