ತಿರುಗದ ಮುಖ

"ಆ ಡೈಲಾಗೆಲ್ಲ ತೆಗೀರಿ. ಮಗಳು ಸುಮ್ನೆ ಕುಡೀಲಿ, ಮುಖ ತಿರುಗಿಸದೆ," ಎಂದರು ಕಾದಂಬರಿಗಾರ್ತಿ ಯೊನ್‌ಸುಕ್. ಈಗ ಸಿನಿಮಾ ಆಗುತ್ತಿದ್ದ ಇಡೀ ಕಾದಂಬರಿಯನ್ನು ಅವರು ಆ ಒಂದು ಗಳಿಗೆಗಾಗಿಯೇ ಬರೆದಿದ್ದರು.

ನಿರ್ದೇಶಕ ಪ್ಯೋ ನಕ್ಕ. "ಮೇಡಂ, ಹುಟ್ಟಿದಾಗಿಂದ ಏಟು ತಿಂದವಳು ಅಪ್ಪನ ಮುಂದೆ ಬಾಯೇ ಬಿಡ್ಲಿಲ್ಲ ಅಂದ್ರೆ ಜನ ಸೀಟು ಹರೀತಾರೆ."

"ಒಂದೇ ಸಲ ತೆಗೆದು ನೋಡಿ. ಸರಿ ಬರ್ಲಿಲ್ವಾ, ನಾಳೆಯಿಂದ ಸೆಟ್ ಕಡೆ ತಲೆ ಹಾಕಲ್ಲ."

"ಹಾಗಾದ್ರೆ ತೆಗೀಲೇಬೇಕು!"

ಮಗಳ ಪಾತ್ರದ ಸೊರಿಮ್ ಎರಡೂ ಕೈಯಲ್ಲಿ ಶೀಸೆ ಹಿಡಿದು ಅಪ್ಪನಿಗೆ ಸೋಜು ಮದ್ಯ ಬಗ್ಗಿಸಿದಳು. ತನ್ನ ಪುಟ್ಟ ಲೋಟ ಎತ್ತಿದಳು. ಹಿರಿಯರೆದುರು ಕುಡಿಯುವಾಗ ಮರ್ಯಾದೆಗಾಗಿ ಮುಖ ಪಕ್ಕಕ್ಕೆ ತಿರುಗಿಸಬೇಕೆಂದು ಆ ನಾಡಿನಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಕತ್ತು ತಾನಾಗಿ ತಿರುಗುತ್ತದೆ. ಅವಳದ್ದೂ ಅರ್ಧ ತಿರುಗಿ ನಿಂತಿತು, ನಿಧಾನವಾಗಿ ಮರಳಿ ಬಂತು. ಅಪ್ಪನ ಕಣ್ಣಲ್ಲಿ ಕಣ್ಣಿಟ್ಟು ಒಂದೇ ಗುಟುಕಿಗೆ ಕುಡಿದಳು. ದೀಪ ಹಿಡಿದಿದ್ದವನೊಬ್ಬ "ಅಯ್ಯಯ್ಯೋ" ಎಂದು ಪಿಸುಗುಟ್ಟಿದ.

ಅಪ್ಪನ ಪಾತ್ರದ ಹಿರಿಯ ನಟ ಗಿಲ್ ಈಗ ಮೇಜು ಗುದ್ದಿ ಗದರಬೇಕಿತ್ತು. ಗದರಲಿಲ್ಲ. ಲೋಟ ಎತ್ತಿದರು. ಆಮೇಲೆ, ಮಗಳೆದುರು, ತಾವೇ ಮುಖ ಪಕ್ಕಕ್ಕೆ ತಿರುಗಿಸಿ ಕುಡಿದರು.

ಪ್ಯೋ ಸಂಭಾಷಣೆಯ ಹಾಳೆಯನ್ನು ಮುದುರಿ ಜೇಬಿಗೆ ತುರುಕಿದ. "ಮೇಡಂ, ಅಪ್ಪ ಮುಖ ತಿರುಗಿಸೋದು ನಿಮ್ಮ ಕಾದಂಬರೀಲಿ ಎಲ್ಲಿತ್ತು?"

"ಇರ್ಲಿಲ್ಲ," ಎಂದರು ಯೊನ್‌ಸುಕ್, ಕ್ಯಾಮೆರಾದ ಪರದೆಯಿಂದ ಕಣ್ಣು ಕೀಳದೆ. "ಮುಂದಿನ ಮುದ್ರಣದಲ್ಲಿರತ್ತೆ."